ಲಿವರ್ ಕಾಯಿಲೆ, ಗೌಟ್ ಇದ್ದವರು ಕಿಡ್ನಿ ಉಳಿಸಿಕೊಳ್ಳುವ ಬಗೆ

ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಳ್ಳುತ್ತದೆ. ಹೊದಿಕೆ ತಾಗಿದರೂ ತಡೆಯಲಾಗದ ನೋವು. ಇದು ಗೌಟ್, ಯೂರಿಕ್ ಆಸಿಡ್ ಹರಳಾಗಿ ಕೀಲಿನಲ್ಲಿ ಕೂರುವ ಕಾಯಿಲೆ. ಬೆಳಗಾದ ಕೂಡಲೇ ಮೆಡಿಕಲ್ ಶಾಪಿನಿಂದ ಹತ್ತು ಡೈಕ್ಲೋಫೆನಾಕ್ ಮಾತ್ರೆ ಬರುತ್ತದೆ, ಎರಡು ದಿನದಲ್ಲಿ ನೋವು ಇಳಿಯುತ್ತದೆ. ಅದೇ ಮನುಷ್ಯನಿಗೆ ಲಿವರ್ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇದ್ದು, ಹೊಟ್ಟೆಯಲ್ಲಿ ನಿಂತ ನೀರನ್ನು ಇಳಿಸಲು ಮಾತ್ರೆ ನಡೆಯುತ್ತಿದ್ದರೆ ನಾಲ್ಕೈದು ದಿನದಲ್ಲಿ ಮೂತ್ರ ಕಡಿಮೆಯಾಗಿ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿರುವುದುಂಟು. ಗೌಟ್ ಕಿಡ್ನಿಗೆ ನಿಧಾನವಾಗಿ ಕೆಡುಕು ಮಾಡುತ್ತದೆ, ಲಿವರ್ ಕಾಯಿಲೆ ಬೇಗ ಮಾಡುತ್ತದೆ. ಆದರೆ ಎರಡರಲ್ಲೂ ಕಿಡ್ನಿ ದಿಢೀರನೆ ಕುಸಿಯುವುದರ ಹಿಂದೆ ಬಹಳ ಸಲ ತಪ್ಪಿಸಬಹುದಾಗಿದ್ದ ಒಂದು ಕಾರಣ ಇರುತ್ತದೆ: ಒಂದು ಮಾತ್ರೆ, ಒಂದು ಭೇದಿ, ತಡವಾಗಿ ಗೊತ್ತಾದ ಒಂದು ಸೋಂಕು. ಮನೆಯವರು ಏನನ್ನು ಗಮನಿಸಬೇಕು, ವೈದ್ಯರ ಹತ್ತಿರ ಏನನ್ನು ಕೇಳಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ. ಮಾತ್ರೆಗಳ ಪ್ರಮಾಣ ಬರೆದಿರುವುದು ನಿಮ್ಮ ಚೀಟಿಯಲ್ಲಿರುವುದು ಅರ್ಥವಾಗಲಿ ಎಂದು. ತಾವಾಗಿಯೇ ಶುರು ಮಾಡಲಿಕ್ಕಲ್ಲ.

ಮೊದಲು ವರದಿ ಓದುವುದನ್ನು ಕಲಿಯಿರಿ

ಗೌಟ್ ಇರಲಿ, ಲಿವರ್ ತೊಂದರೆ ಇರಲಿ, ಕೈಯಲ್ಲಿ ಇರಬೇಕಾದ ಪರೀಕ್ಷೆಗಳು ಹೆಚ್ಚುಕಡಿಮೆ ಇವೇ: ಕ್ರಿಯಾಟಿನಿನ್ ಮತ್ತು ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಶೋಧಿಸುತ್ತಿದೆ ಎಂಬ ಅಂದಾಜು), ಸೋಡಿಯಂ, ಪೊಟ್ಯಾಸಿಯಂ, ಯೂರಿಕ್ ಆಸಿಡ್, ಲಿವರ್ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಮೂತ್ರದ ಸಾಮಾನ್ಯ ಪರೀಕ್ಷೆ, ಮೂತ್ರದಲ್ಲಿ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ (ಆಲ್ಬುಮಿನ್ ಎಂದರೆ ರಕ್ತದ ಒಂದು ಪ್ರೋಟೀನ್), ಹೊಟ್ಟೆಯ ಸ್ಕ್ಯಾನಿಂಗ್. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಆಲ್ಬುಮಿನ್ ಅನುಪಾತ ಗ್ರಾಂಗೆ 30 ಮಿ.ಗ್ರಾಂ. ಒಳಗಿರಬೇಕು, 300 ದಾಟಿದರೆ ಕಿಡ್ನಿ ಜೋರಾಗಿಯೇ ಸೋರುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಬರೆಸಿಕೊಳ್ಳದೆ ಬರುವವರೇ ಹೆಚ್ಚು. ಕ್ರಿಯಾಟಿನಿನ್ ಏರುವ ಎಷ್ಟೋ ಮೊದಲೇ ಇದು ಸುಳಿವು ಕೊಡುತ್ತದೆ, ಆದ್ದರಿಂದ ಕೇಳಿ ಮಾಡಿಸಿ.

ಲಿವರ್ ಕಾಯಿಲೆಯವರಲ್ಲಿ ಕ್ರಿಯಾಟಿನಿನ್ ಮೋಸ ಮಾಡುತ್ತದೆ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ, ಅದಕ್ಕೆ ಬೇಕಾದ ಕ್ರಿಯಾಟಿನ್ ತಯಾರಾಗುವುದು ಬಹುಪಾಲು ಲಿವರಿನಲ್ಲಿ. ಸಿರೋಸಿಸ್ ಬಂದವರ ತೋಳು ತೊಡೆ ಸೊರಗಿರುತ್ತದೆ, ಲಿವರೂ ಸೋತಿರುತ್ತದೆ. ಹಾಗಾಗಿ ಕಿಡ್ನಿ ಅರ್ಧದಷ್ಟು ಕೆಲಸ ನಿಲ್ಲಿಸಿದ್ದರೂ ವರದಿಯಲ್ಲಿ 1.0 ಎಂದು ಕಾಣಬಹುದು, ಲ್ಯಾಬಿನವರು ಅದನ್ನು ‘ನಾರ್ಮಲ್’ ಅಂಕಣದಲ್ಲೇ ಬರೆದಿರುತ್ತಾರೆ. ಕಾಮಾಲೆ ಜೋರಾಗಿದ್ದಾಗ ಬಿಲಿರುಬಿನ್ ಕೂಡ ಕೆಲವು ವಿಧಾನದ ಪರೀಕ್ಷೆಗಳಲ್ಲಿ ಅಂಕಿಯನ್ನು ಇನ್ನಷ್ಟು ಕೆಳಗೆ ತೋರಿಸುತ್ತದೆ. ಆದ್ದರಿಂದ ಒಂದು ಅಂಕಿ ನೋಡಿ ಸಮಾಧಾನ ಪಡಬೇಡಿ, ಹಿಂದಿನ ಅಂಕಿಯ ಪಕ್ಕ ಇಟ್ಟು ನೋಡಿ. ಎರಡು ದಿನದೊಳಗೆ 0.3 ಏರಿದರೆ, ಅಥವಾ ಒಂದು ವಾರದೊಳಗೆ ಒಂದೂವರೆ ಪಟ್ಟಾದರೆ, ಅದು ಕಿಡ್ನಿಗೆ ಬಿದ್ದ ತೀವ್ರ ಪೆಟ್ಟು. 0.7 ಇದ್ದದ್ದು 1.1 ಆದರೆ ವರದಿ ಇನ್ನೂ ‘ನಾರ್ಮಲ್’ ಎನ್ನುತ್ತಿರುತ್ತದೆ. ಕಿಡ್ನಿ ಆಗಲೇ ಕಷ್ಟದಲ್ಲಿರುತ್ತದೆ. ಹಳೆಯ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿ ಇಡುವುದು ಇದಕ್ಕೇ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆ ಇದೆ, ಮಾಂಸಖಂಡ ಸೊರಗಿದ್ದರೂ ಅದು ಕ್ರಿಯಾಟಿನಿನ್‌ನಷ್ಟು ದಾರಿ ತಪ್ಪಿಸುವುದಿಲ್ಲ.

ಗೌಟ್ ಇರುವವರು ತಮ್ಮ ಲಿವರ್ ಚೆನ್ನಾಗಿದೆ ಎಂದುಕೊಂಡಿರುತ್ತಾರೆ. ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಕುಡಿಯುವವರಲ್ಲಿ ಗೌಟ್ ಮತ್ತು ಫ್ಯಾಟಿ ಲಿವರ್ ಜೊತೆಜೊತೆಯಾಗಿ ಬರುತ್ತವೆ. ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ಅಂದಾಜಿಸಲು ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕವಿದೆ, ಅದಕ್ಕೆ ಫಿಬ್-4 ಎನ್ನುತ್ತಾರೆ. ವಯಸ್ಸನ್ನು ಲಿವರ್ ಪರೀಕ್ಷೆಯ ವರದಿಯಲ್ಲಿರುವ ಎಎಸ್‌ಟಿ ಅಂಕಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಎಣಿಕೆಯನ್ನು ಸಾವಿರದ ಲೆಕ್ಕದಲ್ಲಿ ಬರೆದು, ಅದೇ ವರದಿಯ ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ ವಯಸ್ಸು 55, ಎಎಸ್‌ಟಿ 60, ಎಎಲ್‌ಟಿ 49, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಎಂದಿಟ್ಟುಕೊಳ್ಳಿ. 55 × 60 = 3,300. 150 × 7 = 1,050. ಉತ್ತರ 3.14. 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ (65 ದಾಟಿದವರಿಗೆ ಈ ಗಡಿ 2.0). 2.67 ಮೀರಿದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) ಮಾಡಿಸಿ ಲಿವರ್ ತಜ್ಞರಿಗೆ ತೋರಿಸಲೇಬೇಕು. ನಡುವೆ ಬಂದರೂ ಫೈಬ್ರೋಸ್ಕ್ಯಾನ್ ಒಳ್ಳೆಯದು. ಈ ಲೆಕ್ಕ ಮಾಡದೆ ಗೌಟಿಗೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವುದು ಅಪಾಯ.

ಯೂರಿಕ್ ಆಸಿಡ್ ಕಿಡ್ನಿಯಲ್ಲಿ ಮಾಡುವ ಕೆಲಸ

ದೇಹದ ಜೀವಕೋಶ ಮತ್ತು ಆಹಾರದಲ್ಲಿರುವ ಪ್ಯೂರಿನ್ ಒಡೆದು ಯೂರಿಕ್ ಆಸಿಡ್ ಆಗುತ್ತದೆ. ಅದರ ಸುಮಾರು ಮೂರರಲ್ಲಿ ಎರಡು ಪಾಲು ಕಿಡ್ನಿಯಿಂದ ಹೊರಹೋಗುತ್ತದೆ, ಉಳಿದದ್ದು ಕರುಳಿನಿಂದ. ರಕ್ತದಲ್ಲಿ ಡೆಸಿಲೀಟರಿಗೆ 6.8 ಮಿ.ಗ್ರಾಂ. ದಾಟಿದರೆ ಅದು ಕರಗಿ ಉಳಿಯಲಾರದೆ ಸೂಜಿಯಂಥ ಹರಳಾಗತೊಡಗುತ್ತದೆ. ಗೌಟ್ ಬಂದವರಲ್ಲಿ ಬಹುತೇಕರ ತೊಂದರೆ ಹೆಚ್ಚು ಉತ್ಪತ್ತಿಯಲ್ಲ, ಕಿಡ್ನಿ ಸಾಕಷ್ಟು ಹೊರಹಾಕದಿರುವುದು. ಹೀಗಾಗಿ ಕಿಡ್ನಿ ಕೆಟ್ಟರೆ ಗೌಟ್ ಹೆಚ್ಚುತ್ತದೆ, ಗೌಟಿನ ನೋವಿಗೆ ನುಂಗಿದ್ದು ಕಿಡ್ನಿಯನ್ನು ಇನ್ನಷ್ಟು ಕೆಡಿಸುತ್ತದೆ.

ಗೌಟಿನವರ ಕಿಡ್ನಿಯಲ್ಲಿ ಬೇಗ ಕೈಗೆ ಸಿಗುವ ತೊಂದರೆ ಕಲ್ಲು. ಮೂತ್ರ ಹುಳಿಯಾಗಿದ್ದರೆ, ಅಂದರೆ ಅದರ ಪಿಎಚ್ 5.5ಕ್ಕಿಂತ ಕೆಳಗಿದ್ದರೆ, ಯೂರಿಕ್ ಆಸಿಡ್ ಅಲ್ಲೇ ಗಟ್ಟಿಯಾಗುತ್ತದೆ. ಈ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸ್ಕ್ಯಾನಿಂಗ್ ಅಥವಾ ಸಿಟಿ ಬೇಕು. ಎಕ್ಸ್‌ರೇ ಒಂದನ್ನೇ ನೋಡಿ ಕಲ್ಲಿಲ್ಲ ಎಂದು ನಂಬಿದವರಲ್ಲಿ ಅದು ಮೂತ್ರನಾಳಕ್ಕೆ ಅಡ್ಡಬಿದ್ದು ಕಿಡ್ನಿ ಊದಿಕೊಂಡ ಮೇಲೆ ಗೊತ್ತಾಗುತ್ತದೆ. ಒಂದು ಸಮಾಧಾನವೆಂದರೆ ಔಷಧದಿಂದ ಕರಗಿಸಬಹುದಾದ ಕಲ್ಲು ಇದು. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಪಿಎಚ್ ಅನ್ನು 6ರಿಂದ 7ರ ನಡುವೆ ಹಿಡಿದಿಟ್ಟರೆ ವಾರಗಳಲ್ಲಿ, ತಿಂಗಳುಗಳಲ್ಲಿ ಸವೆಯುತ್ತದೆ. ಪಿಎಚ್ ಪಟ್ಟಿಯನ್ನು ಬೆಳಗ್ಗೆ ಮತ್ತು ಸಂಜೆಯ ಮೂತ್ರದಲ್ಲಿ ಅದ್ದಿ ಬಣ್ಣ ನೋಡಿ ಬರೆದಿಡಿ. 7 ದಾಟಿಸಿದರೆ ಬೇರೆ ಜಾತಿಯ, ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲಿಗೆ ದಾರಿಯಾಗುತ್ತದೆ. ಕಿಡ್ನಿ ತುಂಬ ಕುಗ್ಗಿರುವವರು ಮತ್ತು ಹೊಟ್ಟೆಯ ನೀರಿಳಿಸುವ ಸ್ಪೈರೋನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಪೊಟ್ಯಾಸಿಯಂ ಸಿಟ್ರೇಟ್ ಮುಟ್ಟುವ ಮುನ್ನ ರಕ್ತದ ಪೊಟ್ಯಾಸಿಯಂ ನೋಡಿಸಿಕೊಳ್ಳಬೇಕು, ಏರಿದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಅದರ ಬದಲು ಅಡುಗೆ ಸೋಡಾ ಕುಡಿಯುವುದನ್ನೂ ಕೇಳುತ್ತೇವೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ 1,200 ಮಿ.ಗ್ರಾಂ. ಮೀರಿ ಸೋಡಿಯಂ ಇದೆ. ಹೊಟ್ಟೆಯಲ್ಲಿ ನೀರು ನಿಂತವರಿಗೆ ಅದು ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು.

ಹರಳುಗಳು ಕಿಡ್ನಿಯ ಒಳಪದರದಲ್ಲೇ ಕೂತು ಸುತ್ತ ಗಾಯ ಮಾಡುವುದೂ ಉಂಟು. ಆದರೆ ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಗೌಟೂ ಇಲ್ಲ, ಕಲ್ಲೂ ಇಲ್ಲ, ಬರೀ ವರದಿಯಲ್ಲಿ ಯೂರಿಕ್ ಆಸಿಡ್ 8 ಇದೆ ಎಂಬ ಕಾರಣಕ್ಕೆ ಕಿಡ್ನಿ ಉಳಿಸಲು ಮಾತ್ರೆ ನುಂಗುವುದರಿಂದ ಲಾಭ ಕಂಡಿಲ್ಲ. 2020ರಲ್ಲಿ ಪ್ರಕಟವಾದ ಸಿಕೆಡಿ-ಫಿಕ್ಸ್ ಮತ್ತು ಪರ್ಲ್ ಎಂಬ ಎರಡು ಅಧ್ಯಯನಗಳಲ್ಲಿ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ಕಿಡ್ನಿ ಕುಗ್ಗುವ ವೇಗವನ್ನು ತಗ್ಗಿಸಲಿಲ್ಲ. ಅದೇ ಮಾತ್ರೆ ಗೌಟ್ ಇರುವವರಿಗೆ ಬೇಕೇ ಬೇಕು. ಈ ವ್ಯತ್ಯಾಸ ತಿಳಿಯದೆ ಬೇಡದವರು ನುಂಗುತ್ತಾರೆ, ಬೇಕಾದವರು ನೋವು ಇಳಿದ ಕೂಡಲೇ ಬಿಡುತ್ತಾರೆ.

ಗೌಟ್ ಕೆರಳಿದ ದಿನ

ಕೀಲನ್ನು ಎತ್ತರಕ್ಕೆ ಇಟ್ಟು, ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ ಇಡಿ. ಬಿಸಿ ಶಾಖ, ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಜ್ವರ, ಚಳಿ ಜೊತೆಗಿದ್ದರೆ ಅದು ಕೀಲಿನ ಸೋಂಕೂ ಆಗಿರಬಹುದು. ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷಿಸುವ ಮುನ್ನ ಸ್ಟೀರಾಯ್ಡ್ ಬೇಡ. ಅಂದು ಮಾಡಿಸಿದ ಯೂರಿಕ್ ಆಸಿಡ್ ಸರಿಯಾಗಿಯೇ ಇದೆ ಎಂದು ಬಂದರೆ ಗೌಟಲ್ಲ ಎಂದುಕೊಳ್ಳಬೇಡಿ. ಕೆರಳಿದ ದಿನಗಳಲ್ಲಿ ಅಂಕಿ ಇಳಿದಿರುವುದುಂಟು. ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ನೋಡಿಸಿ.

ಈಗ ನೋವಿನ ಮಾತ್ರೆಯ ವಿಷಯ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಎಟೋರಿಕಾಕ್ಸಿಬ್ ಎಲ್ಲವೂ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ತಡೆಯುತ್ತವೆ. ಕೀಲಿನಲ್ಲಿ ಅದು ಉರಿ ಹುಟ್ಟಿಸುತ್ತದೆ, ಕಿಡ್ನಿಯಲ್ಲಿ ಒಳಬರುವ ರಕ್ತನಾಳವನ್ನು ತೆರೆದಿಡುತ್ತದೆ. ಆರೋಗ್ಯವಂತರಲ್ಲಿ ಅದು ತಪ್ಪಿದರೂ ಕಿಡ್ನಿ ಸುಧಾರಿಸಿಕೊಳ್ಳುತ್ತದೆ. ಸಿರೋಸಿಸ್ ಇದ್ದವರ ಕಿಡ್ನಿ ಆ ಒಂದು ಆಧಾರದ ಮೇಲೇ ನಿಂತಿರುತ್ತದೆ. ಆದ್ದರಿಂದ ಸಿರೋಸಿಸ್ ಇದ್ದವರು, ಇಜಿಎಫ್‌ಆರ್ ಕುಗ್ಗಿದವರು ಈ ಗುಂಪಿನ ಒಂದು ಮಾತ್ರೆಯನ್ನೂ ತೆಗೆದುಕೊಳ್ಳಬಾರದು, ಅದೇ ಔಷಧದ ಇಂಜೆಕ್ಷನ್ನೂ ಬೇಡ. ಕಿಡ್ನಿ ಚೆನ್ನಾಗಿದ್ದವರೂ ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರ‍್ಯಾಮಿಪ್ರಿಲ್, ಜೊತೆಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೂರನೆಯದಾಗಿ ಇದನ್ನು ಸೇರಿಸಬಾರದು. ಒಳಬರುವ ನಾಳ ಮುಚ್ಚುತ್ತದೆ, ಹೊರಹೋಗುವ ನಾಳ ಸಡಿಲವಾಗುತ್ತದೆ, ರಕ್ತದ ನೀರೂ ಕಡಿಮೆ. ಶೋಧನೆಗೆ ಒತ್ತಡವೇ ಉಳಿಯುವುದಿಲ್ಲ. ‘ಸೆಟ್ ಮಾತ್ರೆ’ ಎಂದು ಕಾಗದದಲ್ಲಿ ಕಟ್ಟಿಕೊಡುವ, ಹೆಸರು ಬರೆಯದ ಬಿಡಿ ಮಾತ್ರೆಗಳಲ್ಲಿ ಇರುವುದು ಹೆಚ್ಚಾಗಿ ಈ ಗುಂಪಿನದು ಮತ್ತು ಸ್ಟೀರಾಯ್ಡ್.

ಹಾಗಾದರೆ ಏನು ಕೊಡುತ್ತಾರೆ? ಶುರುವಾದ ಹನ್ನೆರಡು ಗಂಟೆಯೊಳಗಾದರೆ ಕಾಲ್ಚಿಸಿನ್: 0.5 ಮಿ.ಗ್ರಾಂ. ಮಾತ್ರೆ ಎರಡು, ಒಂದು ಗಂಟೆಯ ನಂತರ ಇನ್ನೊಂದು. ಭೇದಿ ಶುರುವಾದರೆ ಪ್ರಮಾಣ ಹೆಚ್ಚಾಯಿತೆಂದು ತಿಳಿದು ನಿಲ್ಲಿಸಿ. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಬಹಳ ಕಡಿಮೆ ಮಾಡುತ್ತಾರೆ ಅಥವಾ ಕೊಡುವುದೇ ಇಲ್ಲ. ಲಿವರ್ ಕಿಡ್ನಿ ಎರಡೂ ಸೋತಿದ್ದರೆ ಇದನ್ನು ಹೊರಹಾಕುವ ದಾರಿ ಎರಡೂ ಮುಚ್ಚಿದಂತೆ, ಬಿಟ್ಟುಬಿಡುವುದೇ ಸರಿ. ಕ್ಲಾರಿಥ್ರೊಮೈಸಿನ್, ವೆರಪಾಮಿಲ್, ಸೈಕ್ಲೋಸ್ಪೊರಿನ್ ಜೊತೆಗೆ ಕಾಲ್ಚಿಸಿನ್ ವಿಷವಾಗಿ ಏರುತ್ತದೆ. ಇಂಥವರಿಗೆ ಉಳಿಯುವುದು ಪ್ರೆಡ್ನಿಸೊಲೋನ್ ದಿನಕ್ಕೆ 30–35 ಮಿ.ಗ್ರಾಂ., ಮೂರರಿಂದ ಐದು ದಿನ. ಒಂದೇ ಕೀಲಾಗಿದ್ದರೆ ಆ ಕೀಲಿಗೇ ಸ್ಟೀರಾಯ್ಡ್ ಇಂಜೆಕ್ಷನ್. ಸಕ್ಕರೆ ಏರುತ್ತದೆ, ದಿನಕ್ಕೆ ಎರಡು ಸಲ ನೋಡಿಕೊಳ್ಳಿ. ಬರೀ ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುವಂತಿದ್ದರೆ ಅದೇ ಒಳ್ಳೆಯದು: ಸಿರೋಸಿಸ್ ಇದ್ದವರಿಗೆ ದಿನಕ್ಕೆ ಒಟ್ಟು 2 ಗ್ರಾಂ ಮೀರದಂತೆ, ಅಂದರೆ 500ರ ನಾಲ್ಕು ಮಾತ್ರೆ. ಲಿವರ್ ಕಾಯಿಲೆಗೆ ಪ್ಯಾರಾಸಿಟಮಾಲ್ ವಿಷ ಎಂಬ ಹೆದರಿಕೆಯಿಂದ ಡೈಕ್ಲೋಫೆನಾಕ್ ಕಡೆ ಹೋಗುವವರು ತಪ್ಪು ದಾರಿ ಹಿಡಿಯುತ್ತಾರೆ.

ದಿನವೂ ನುಂಗುವ ಮಾತ್ರೆ

ವರ್ಷಕ್ಕೆ ಎರಡು ಸಲ ಕೆರಳಿದರೆ, ಕಿವಿ ಬೆರಳುಗಳಲ್ಲಿ ಗಂಟು ಬಂದಿದ್ದರೆ ಯೂರಿಕ್ ಆಸಿಡ್ ಇಳಿಸುವ ಔಷಧ ಬೇಕು. ಕಲ್ಲಾಗಿದ್ದವರಿಗೆ, ಇಜಿಎಫ್‌ಆರ್ 60ರ ಕೆಳಗಿರುವವರಿಗೆ ಮೊದಲ ಸಲ ಗೌಟ್ ಬಂದಾಗಲೇ ಇದರ ಬಗ್ಗೆ ಯೋಚಿಸುತ್ತಾರೆ. ಗುರಿ 6ರ ಕೆಳಗೆ. ಗಂಟುಗಳಿದ್ದರೆ 5ರ ಕೆಳಗೆ. ಅಲೋಪ್ಯೂರಿನಾಲ್ 100 ಮಿ.ಗ್ರಾಂ.ನಿಂದ, ಕಿಡ್ನಿ ತುಂಬ ಕುಗ್ಗಿದ್ದರೆ 50ರಿಂದ ಶುರು ಮಾಡಿ, ಎರಡು ನಾಲ್ಕು ವಾರಕ್ಕೊಮ್ಮೆ ರಕ್ತ ನೋಡಿ ಏರಿಸುತ್ತಾರೆ. 100ರಲ್ಲೇ ವರ್ಷಗಟ್ಟಲೆ ನಿಂತು ‘ಮಾತ್ರೆ ಕೆಲಸ ಮಾಡಲಿಲ್ಲ’ ಎನ್ನುವವರು ಹಲವರು; ಪ್ರಮಾಣ ಸಾಕಾಗಿರಲಿಲ್ಲ ಅಷ್ಟೆ. ಮೊದಲ ಎರಡು ತಿಂಗಳಲ್ಲಿ ಮೈಮೇಲೆ ದದ್ದು, ಬಾಯಿಹುಣ್ಣು, ಜ್ವರ ಕಂಡರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ದದ್ದು ಇಲ್ಲದೆ ಬರೀ ಗೌಟ್ ಕೆರಳಿದರೆ ನಿಲ್ಲಿಸಬೇಡಿ. ಹಳೆಯ ಹರಳು ಕರಗುವಾಗ ಕೆರಳುವುದು ಸಹಜ, ಅದಕ್ಕೇ ಮೊದಲ ಮೂರರಿಂದ ಆರು ತಿಂಗಳು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಜೊತೆಗೆ ಕೊಡುತ್ತಾರೆ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್ ತೆಗೆದುಕೊಳ್ಳುವವರಿಗೆ, ಅಂದರೆ ಲಿವರ್ ಅಥವಾ ಕಿಡ್ನಿ ಕಸಿ ಆದ ಕೆಲವರಿಗೆ, ಆಟೋಇಮ್ಯೂನ್ ಹೆಪಟೈಟಿಸ್ ಇರುವ ಹಲವರಿಗೆ, ಅಲೋಪ್ಯೂರಿನಾಲ್ ಮತ್ತು ಅದೇ ಕೆಲಸ ಮಾಡುವ ಫೆಬುಕ್ಸೊಸ್ಟಾಟ್ ಎರಡೂ ಅಪಾಯ. ಅಜಾಥಯೋಪ್ರಿನ್ ಒಡೆಯುವ ದಾರಿಯನ್ನೇ ಅವು ಮುಚ್ಚುತ್ತವೆ, ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನು ನಿಲ್ಲಿಸುತ್ತದೆ. ಗೌಟಿಗೆ ತೋರಿಸಲು ಹೋದಾಗ ಕಸಿಯ ಮಾತ್ರೆಗಳ ಚೀಟಿ ಮೊದಲು ಮೇಜಿನ ಮೇಲಿಡಿ. ಫೆಬುಕ್ಸೊಸ್ಟಾಟ್ 40 ಮಿ.ಗ್ರಾಂ.ನಿಂದ ಶುರು ಮಾಡುವುದು ರೂಢಿ. ಲಿವರ್ ಪರೀಕ್ಷೆ ಆಗಾಗ ಬೇಕು, ಹೃದಯದ ಕಾಯಿಲೆ ಇದ್ದರೆ ವೈದ್ಯರೊಂದಿಗೆ ಬಿಡಿಸಿ ಮಾತಾಡಬೇಕು. ಇನ್ನು ಬೇರೆ ಮಾತ್ರೆಗಳು: ನೀರಿಳಿಸುವ ಫ್ಯುರೋಸೆಮೈಡ್, ಬಿಪಿಯ ಥಯಜೈಡ್, ಕ್ಷಯಕ್ಕೆ ಕೊಡುವ ಪೈರಜಿನಮೈಡ್ ಯೂರಿಕ್ ಆಸಿಡ್ ಏರಿಸುತ್ತವೆ. ಪೈರಜಿನಮೈಡ್ ಲಿವರಿಗೂ ಭಾರ. ಇವನ್ನು ನೀವಾಗಿಯೇ ಬಿಡಬೇಡಿ, ಕಾರಣ ಗೊತ್ತಿರಲಿ. ಬಿಪಿಗೆ ಲೊಸಾರ್ಟಾನ್ ಯೂರಿಕ್ ಆಸಿಡನ್ನು ಸ್ವಲ್ಪ ಇಳಿಸುತ್ತದೆ, ಆದರೆ ಹೊಟ್ಟೆಯಲ್ಲಿ ನೀರು ನಿಂತ ಮೇಲೆ ಅದೂ ಬೇಡ. ಏಕೆಂದು ಮುಂದೆ ನೋಡೋಣ.

ಲಿವರ್ ಸೋತಾಗ ಕಿಡ್ನಿ ಏಕೆ ಸೋಲುತ್ತದೆ

ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ, ಕರುಳಿನಿಂದ ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಆ ಒತ್ತಡಕ್ಕೆ ಹೊಟ್ಟೆಯ ಭಾಗದ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಅಲ್ಲೇ ಹರಡಿ ನಿಲ್ಲುತ್ತದೆ. ಮೈಯಲ್ಲಿ ನೀರು ತುಂಬಿ ತುಳುಕುತ್ತಿದ್ದರೂ ಕಿಡ್ನಿಗೆ ರಕ್ತ ಸಾಲದು ಎನ್ನಿಸುತ್ತದೆ. ಅದು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ, ಆ ನೀರು ಹೊಟ್ಟೆಗೆ ಸೋರುತ್ತದೆ. ಕೊನೆಗೆ ಕಿಡ್ನಿಯ ರಕ್ತನಾಳಗಳೇ ಬಿಗಿದುಕೊಂಡು ಮೂತ್ರ ನಿಲ್ಲುತ್ತಾ ಬರುತ್ತದೆ. ಇದನ್ನು ಹೆಪಟೊರೀನಲ್ ಸಿಂಡ್ರೋಮ್ ಎನ್ನುತ್ತಾರೆ. ಬಹುಮಟ್ಟಿಗೆ ರಕ್ತದ ಹರಿವು ಕೆಟ್ಟಿರುವುದೇ ಇಲ್ಲಿನ ತೊಂದರೆ. ಅಂಥ ಕಿಡ್ನಿಯನ್ನು ಆರೋಗ್ಯವಂತ ಲಿವರ್ ಇರುವ ದೇಹಕ್ಕೆ ಕಸಿ ಮಾಡಿದರೆ ಮತ್ತೆ ಕೆಲಸ ಮಾಡುತ್ತದೆ.

ಇಷ್ಟು ತಿಳಿದರೆ ಮಿಕ್ಕ ಎಚ್ಚರಿಕೆಗಳು ತಾವಾಗಿ ಅರ್ಥವಾಗುತ್ತವೆ. ರಕ್ತದ ಒತ್ತಡ ಇನ್ನಷ್ಟು ಇಳಿಸುವುದೆಲ್ಲ ಕೇಡು. ವರ್ಷಗಳ ಹಿಂದೆ ಬಿಪಿಗೆಂದು ಬರೆದುಕೊಟ್ಟ ಮಾತ್ರೆ ಈಗಲೂ ಅಭ್ಯಾಸಬಲದಿಂದ ನಡೆಯುತ್ತಿದೆಯೇ ನೋಡಿ. ಸಿರೋಸಿಸ್ ಮುಂದುವರಿದಂತೆ ಬಿಪಿ ತಾನೇ ಇಳಿಯುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್ ಮುಂತಾದವನ್ನು ಹೊಟ್ಟೆಯಲ್ಲಿ ನೀರು ಬಂದ ಮೇಲೆ ನಿಲ್ಲಿಸಬೇಕು, ಬದಲಿ ಬೇಕೇ ಎಂದು ಕೇಳಿ. ಪ್ರೊಪ್ರನಲಾಲ್, ಕಾರ್ವೆಡಿಲಾಲ್ ರಕ್ತವಾಂತಿ ತಡೆಯಲು ಕೊಡುವಂಥವು, ಆದರೆ ಮೇಲಿನ ಬಿಪಿ 90ರ ಕೆಳಗೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಕಿಡ್ನಿಗೆ ನೇರವಾಗಿ ಕೆಡುಕು ಮಾಡಬಲ್ಲ ಆಂಟಿಬಯೋಟಿಕ್‌ಗಳಾದ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ಬೇಡವೆಂದು ಚೀಟಿಯ ಮೇಲೆಯೇ ಬರೆಸಿಟ್ಟುಕೊಳ್ಳಿ.

ಹೊಟ್ಟೆಯ ನೀರು: ಮನೆಯಲ್ಲಿ ಮಾಡುವ ಕೆಲಸ

ದಿನವೂ ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಪುಸ್ತಕದಲ್ಲಿ ಬರೆಯಿರಿ. ನೀರಿಳಿಸಲು ಸ್ಪೈರೋನೊಲ್ಯಾಕ್ಟೋನ್ 100, ಫ್ಯುರೋಸೆಮೈಡ್ 40 ಮಿ.ಗ್ರಾಂ. ಎಂಬ ಅಳತೆಯಲ್ಲಿ ಸಾಮಾನ್ಯವಾಗಿ ಶುರು ಮಾಡುತ್ತಾರೆ. ಗೌಟೂ ಇದ್ದರೆ ಫ್ಯುರೋಸೆಮೈಡ್ ಕಡಿಮೆಯಲ್ಲಿ ಸಾಧ್ಯವೇ ಎಂದು ಕೇಳಿ. ಕಾಲಿನಲ್ಲಿ ಬಾವು ಇದ್ದರೆ ದಿನಕ್ಕೆ ಒಂದು ಕಿಲೋ, ಬಾವು ಇಲ್ಲದಿದ್ದರೆ ಅರ್ಧ ಕಿಲೋ ಮಾತ್ರ ಇಳಿಯಬೇಕು. ಹೊಟ್ಟೆಯ ಪೊರೆ ದಿನಕ್ಕೆ ಅಷ್ಟು ನೀರನ್ನಷ್ಟೇ ರಕ್ತಕ್ಕೆ ಹಿಂತಿರುಗಿಸಬಲ್ಲದು. ಅದಕ್ಕಿಂತ ಹೆಚ್ಚು ಇಳಿದರೆ ರಕ್ತದ ನೀರೇ ಖಾಲಿಯಾಗುತ್ತಿದೆ. ತೂಕ ಬೇಗ ಇಳಿಯುತ್ತಿದೆ ಎಂದು ಮನೆಯವರು ಸಂತೋಷಪಡುವ ಹೊತ್ತಿಗೆ ಕಿಡ್ನಿ ಒಣಗುತ್ತಿರುತ್ತದೆ. ಸೋಡಿಯಂ 125ರ ಕೆಳಗೆ ಬಂದರೆ, ಪೊಟ್ಯಾಸಿಯಂ 6 ಮುಟ್ಟಿದರೆ, ಕ್ರಿಯಾಟಿನಿನ್ ಏರಿದರೆ, ಮಾತು ತೊದಲಿ ಮಂಪರು ಬಂದರೆ ಈ ಮಾತ್ರೆಗಳನ್ನು ನಿಲ್ಲಿಸುತ್ತಾರೆ. ಶುರುವಿನಲ್ಲಿ ವಾರಕ್ಕೊಮ್ಮೆಯಾದರೂ ರಕ್ತ ಕೊಡಿ.

ಉಪ್ಪು ದಿನಕ್ಕೆ 5 ಗ್ರಾಂ, ಎಲ್ಲಾ ಸೇರಿ ಒಂದು ಟೀ ಚಮಚ. ಒಬ್ಬರ ಪಾಲಿನ ಉಪ್ಪನ್ನು ಬೆಳಗ್ಗೆಯೇ ಒಂದು ಪುಟ್ಟ ಡಬ್ಬಿಗೆ ಅಳೆದು ಹಾಕಿ, ಅವರ ಸಾರು ಪಲ್ಯಕ್ಕೆ ಅದರಿಂದಲೇ ತೆಗೆಯಿರಿ. ಬಾಯಳತೆಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಚಿಪ್ಸ್, ಬೇಕರಿ ತಿಂಡಿ ಪೂರ್ತಿ ಬಿಡಬೇಕು. ಹುಳಿ, ನಿಂಬೆ, ಕಾಳುಮೆಣಸು, ಬೆಳ್ಳುಳ್ಳಿ ಒಗ್ಗರಣೆಯಿಂದ ರುಚಿ ಕೂಡಿಸಬಹುದು. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪು ತರಬೇಡಿ, ಅದರಲ್ಲಿ ಬೆರೆಸಿರುವುದು ಪೊಟ್ಯಾಸಿಯಂ ಕ್ಲೋರೈಡ್.

ಸಿರೋಸಿಸ್‌ನವರಿಗೆ ಮಂಪರು ಬಾರದಿರಲೆಂದು ಕೊಡುವ, ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ಪನ್ನು ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗುವಷ್ಟೇ ಕೊಡಿ. ಐದಾರು ಸಲ ನೀರಾಗಿ ಹೋಗುತ್ತಿದ್ದರೆ ಪ್ರಮಾಣ ಇಳಿಸಬೇಕು. ವಾಂತಿ ಭೇದಿ ಶುರುವಾದ ದಿನ ನೀರಿಳಿಸುವ ಮಾತ್ರೆಯನ್ನು ಮುಂದುವರಿಸುವ ಮುನ್ನ ವೈದ್ಯರಿಗೆ ಫೋನ್ ಮಾಡಿ. ಬೇಸಿಗೆಯ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಬೆವರೊಂದೇ ಸಾಕು ಇದೇ ಕೇಡಿಗೆ.

ಸೂಜಿಯಿಂದ ಹೊಟ್ಟೆಯ ನೀರು ತೆಗೆಸುವಾಗ 5 ಲೀಟರ್ ದಾಟಿದರೆ, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಕೊಡಬೇಕು. 8 ಲೀಟರ್ ತೆಗೆದರೆ 48ರಿಂದ 64 ಗ್ರಾಂ. ಶೇಕಡಾ 20ರ 100 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ ಇರುವುದರಿಂದ ಸುಮಾರು ಮೂರು ಬಾಟಲಿ. ಬೆಲೆ ಹೆಚ್ಚೆಂದು ಇದನ್ನು ಬಿಟ್ಟರೆ ಹೊಟ್ಟೆ ಹಗುರಾಗುತ್ತದೆ, ಕೆಲವೇ ದಿನದಲ್ಲಿ ಕಿಡ್ನಿ ಕೈಕೊಡುತ್ತದೆ. ಹಣ ಹೊಂದಿಸಲಾಗದಿದ್ದರೆ ಒಂದೇ ಸಲಕ್ಕೆ ಕಡಿಮೆ ನೀರು ತೆಗೆಯಲು ಆಗುತ್ತದೆಯೇ ಎಂದು ಮೊದಲೇ ಕೇಳಿ. ತೆಗೆದ ನೀರನ್ನು ಪ್ರತಿ ಸಲವೂ ಪರೀಕ್ಷೆಗೆ ಕಳಿಸಲಿ. ಅದರಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ ಎಣಿಕೆ 250 ಮುಟ್ಟಿದರೆ ಸೋಂಕು ಆಗಿದೆ. ಆಂಟಿಬಯೋಟಿಕ್ ಜೊತೆಗೆ ಮೊದಲ ದಿನ ದೇಹತೂಕದ ಕಿಲೋಗೆ ಒಂದೂವರೆ ಗ್ರಾಂ, ಮೂರನೆಯ ದಿನ ಒಂದು ಗ್ರಾಂ ಆಲ್ಬುಮಿನ್ ಕೊಡುವುದು ಕಿಡ್ನಿಯನ್ನು ಉಳಿಸಲಿಕ್ಕೇ. 60 ಕಿಲೋ ತೂಕದವರಿಗೆ 90 ಗ್ರಾಂ, ಆಮೇಲೆ 60 ಗ್ರಾಂ. ಈ ಸೋಂಕಿಗೆ ಜೋರು ಜ್ವರ, ಹೊಟ್ಟೆನೋವು ಇರಲೇಬೇಕೆಂದಿಲ್ಲ. ಕಾರಣವಿಲ್ಲದೆ ಮಂಕಾದರು, ಮೂತ್ರ ಕಡಿಮೆಯಾಯಿತು ಎಂಬುದಷ್ಟೇ ಸುಳಿವು.

ಹೆಪಟೊರೀನಲ್ ಸಿಂಡ್ರೋಮ್ ಎಂದು ಖಚಿತವಾದರೆ ಆಸ್ಪತ್ರೆಯಲ್ಲಿ ಟೆರ್ಲಿಪ್ರೆಸಿನ್ ಮತ್ತು ಆಲ್ಬುಮಿನ್ ಕೊಡುತ್ತಾರೆ. ಹಿಗ್ಗಿದ ಹೊಟ್ಟೆಯ ರಕ್ತನಾಳಗಳನ್ನು ಬಿಗಿದು ರಕ್ತವನ್ನು ಕಿಡ್ನಿಯ ಕಡೆ ತಿರುಗಿಸುವ ಔಷಧ ಅದು. ಉಸಿರಾಟ, ಆಮ್ಲಜನಕದ ಮಟ್ಟವನ್ನು ನೋಡಿಕೊಂಡೇ ಕೊಡಬೇಕಾಗುತ್ತದೆ. ಡಯಾಲಿಸಿಸ್ ಕಾಲ ದೂಡಲಷ್ಟೇ. ಬೇರು ಪರಿಹಾರ ಲಿವರ್ ಕಸಿ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗ ಹಂಚಿಕೆ ಜೀವಸಾರ್ಥಕತೆ ಎಂಬ ರಾಜ್ಯದ ಸಂಸ್ಥೆಯ ಮೂಲಕ ನಡೆಯುತ್ತದೆ, ಹೆಸರು ನೋಂದಾಯಿಸುವುದು ಕಸಿ ಮಾಡುವ ಆಸ್ಪತ್ರೆಯ ಕಡೆಯಿಂದ. ಕಿಡ್ನಿ ಪೂರ್ತಿ ಕೆಡುವವರೆಗೆ ಕಾಯದೆ, ಹೊಟ್ಟೆಯಲ್ಲಿ ಮೊದಲ ಸಲ ನೀರು ಬಂದಾಗಲೇ ಈ ಮಾತು ತೆಗೆಯಬೇಕು.

ನೀರು ಎಷ್ಟು, ಊಟ ಏನು

ಕಲ್ಲಿನವರಿಗೆ ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಿರಿ ಎನ್ನುತ್ತೇವೆ. ಲಿವರಿನವರಿಗೆ ಯಾರೋ ನೀರು ಕಡಿಮೆ ಮಾಡಿ ಎಂದಿರುತ್ತಾರೆ. ಎರಡೂ ಇದ್ದವರು ಗೊಂದಲಕ್ಕೆ ಬೀಳುತ್ತಾರೆ. ಹೊಟ್ಟೆಯ ನೀರಿಗೆ ಕಡಿಮೆ ಮಾಡಬೇಕಾದದ್ದು ಉಪ್ಪು. ಸೋಡಿಯಂ 125ರ ಕೆಳಗೆ ಇಳಿದಾಗ ಮಾತ್ರ ನೀರಿಗೂ ಮಿತಿ ಹಾಕುತ್ತಾರೆ. ಹಾಗೆ ಇಳಿದಿಲ್ಲವಾದರೆ ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಕಲ್ಲು ಕರಗಲೆಂದು ಮೂರು ನಾಲ್ಕು ಲೀಟರ್ ಸುರಿದುಕೊಳ್ಳುವುದು ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ; ಕಿಡ್ನಿ ಕುಗ್ಗಿದವರು, ಸ್ಪೈರೋನೊಲ್ಯಾಕ್ಟೋನ್ ಇರುವವರು ದಿನವೂ ಕುಡಿಯಬಾರದು.

ಗೌಟಿಗೆ ಬೇಳೆ, ಬಸಳೆ, ಪಾಲಕ್, ಟೊಮೇಟೊ ಎಲ್ಲ ಬಿಡಿಸಿ ಮನುಷ್ಯನನ್ನು ಬರೀ ಅನ್ನ ಮಜ್ಜಿಗೆಗೆ ತಂದಿಡುವುದು ನಮ್ಮಲ್ಲಿ ಬಹಳ. ಸಸ್ಯಮೂಲದ ಪ್ಯೂರಿನ್ ಗೌಟನ್ನು ಹೆಚ್ಚಿಸಿದ್ದು ಕಂಡುಬಂದಿಲ್ಲ. ಸಿರೋಸಿಸ್ ಇದ್ದವರಿಗಂತೂ ಪ್ರೋಟೀನ್ ಕಿಲೋಗೆ 1.2ರಿಂದ 1.5 ಗ್ರಾಂ ಬೇಕು. 60 ಕಿಲೋದವರಿಗೆ 72ರಿಂದ 90 ಗ್ರಾಂ. ಬೇಳೆ ಬಿಡಿಸಿದರೆ ಅದು ಬರುವುದೆಲ್ಲಿಂದ? ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ, ಎರಡರಲ್ಲೂ ಪ್ಯೂರಿನ್ ಇಲ್ಲವೆನ್ನುವಷ್ಟು ಕಡಿಮೆ. ಹಾಲು ಮೊಸರು ಯೂರಿಕ್ ಆಸಿಡನ್ನು ಸ್ವಲ್ಪ ಇಳಿಸುತ್ತವೆ ಕೂಡ. ಮಲಗುವ ಮುನ್ನ ರಾಗಿ ಗಂಜಿಯೋ ಅವಲಕ್ಕಿ ಮೊಸರೋ ತಿನ್ನಿಸಿ. ಸಿರೋಸಿಸ್ ಬಂದ ಲಿವರಿನಲ್ಲಿ ರಾತ್ರಿಗೆ ಬೇಕಾದಷ್ಟು ಸಕ್ಕರೆ ದಾಸ್ತಾನು ಇರುವುದಿಲ್ಲ, ಹಸಿದ ದೇಹ ಮಾಂಸಖಂಡವನ್ನೇ ಕರಗಿಸುತ್ತದೆ. ಬಿಡಬೇಕಾದದ್ದು ಲಿವರ್, ಬೋಟಿ, ಕಾಲು ಸೂಪು. ಕರಾವಳಿಯವರು ಬೂತಾಯಿ, ಬಂಗುಡೆ, ಸಿಗಡಿ, ಮರುವಾಯಿ ತೀರ ಕಡಿಮೆ ಮಾಡಬೇಕು. ಪಥ್ಯ ಎಷ್ಟು ಕಟ್ಟುನಿಟ್ಟಾದರೂ ಯೂರಿಕ್ ಆಸಿಡ್ ಸುಮಾರು ಒಂದು ಅಂಕಿ ಇಳಿಯುತ್ತದೆ ಅಷ್ಟೆ. 9 ಇದ್ದವರು ಪಥ್ಯದಿಂದಲೇ 6ಕ್ಕೆ ಬರುವುದು ಅಪರೂಪ.

ಕೋಲಾ, ಪ್ಯಾಕೆಟ್ ಜ್ಯೂಸ್‌ಗಳ ಫ್ರಕ್ಟೋಸ್ ಲಿವರಿನಲ್ಲೇ ಒಡೆಯುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ, ಕೊಬ್ಬೂ ಕೂಡುತ್ತದೆ. ಮದ್ಯದಿಂದ ಏರಿದ ಲ್ಯಾಕ್ಟೇಟ್ ಕಿಡ್ನಿ ಯೂರಿಕ್ ಆಸಿಡ್ ಬಿಡುವುದನ್ನು ತಡೆಯುತ್ತದೆ. ಬಿಯರಿನಲ್ಲಿ ಅದರದೇ ಪ್ಯೂರಿನ್ ಬೇರೆ. ಸಿರೋಸಿಸ್ ಇದ್ದವರಿಗೆ ಮದ್ಯದಲ್ಲಿ ಸ್ವಲ್ಪ ಎಂಬ ಅಳತೆಯೇ ಇಲ್ಲ.

ಮನೆಮದ್ದಿನ ಮಾತು ಒಂದಷ್ಟು. ಬಿಂಬುಳಿ, ಧಾರೆಹುಳಿಯ ರಸವನ್ನು ಕೊಲೆಸ್ಟರಾಲಿಗೆ, ಸಕ್ಕರೆಗೆ ಎಂದು ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಹರಳಾಗಿ ಕೂರುತ್ತದೆ. ಕೇರಳದಿಂದ ಇಂಥ ಪ್ರಕರಣಗಳು ವರದಿಯಾಗಿವೆ. ಅಮೃತಬಳ್ಳಿ ಕಷಾಯದಿಂದ ಲಿವರಿಗೆ ಪೆಟ್ಟಾದವರ ಬಗ್ಗೆ ಕೋವಿಡ್ ಕಾಲದಲ್ಲಿ ಮುಂಬೈಯ ವೈದ್ಯರು ಬರೆದಿದ್ದಾರೆ. ಲಿವರ್ ಅಥವಾ ಕಿಡ್ನಿ ಆಗಲೇ ಸೋತಿರುವವರು ಇವೆರಡರಿಂದಲೂ ದೂರ ಇರಬೇಕು.

ಲಿವರ್, ಕಿಡ್ನಿ ಒಟ್ಟಿಗೆ ಕೆಟ್ಟರೆ

ಒಮ್ಮೊಮ್ಮೆ ಎರಡಕ್ಕೂ ಒಂದೇ ಕಾಯಿಲೆ ಕಾರಣ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್ ಕಿಡ್ನಿಯ ಶೋಧಕವನ್ನೂ ಕೆಡಿಸಿ ಮೂತ್ರದಲ್ಲಿ ಪ್ರೋಟೀನ್ ಸೋರಿಸುತ್ತವೆ; ನೊರೆಮೂತ್ರ ಕಂಡ ಲಿವರ್ ರೋಗಿಗೆ ಇವೆರಡರ ಪರೀಕ್ಷೆ ಬೇಕು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನಲ್ಲಿ ಗದ್ದೆ ತೋಟದ ಕೆಸರಿನಲ್ಲಿ ದುಡಿದವರಿಗೆ ಜ್ವರ, ಮೀನಖಂಡ ಮುಟ್ಟಲಾಗದ ನೋವು, ಕೆಂಪು ಕಣ್ಣು, ಆಮೇಲೆ ಕಾಮಾಲೆ ಬಂದರೆ ಅದು ಇಲಿಜ್ವರ ಇರಬಹುದು. ಕಾಮಾಲೆಯೆಂದು ನಾಟಿ ಮದ್ದಿಗೆ ಹೋಗಿ ನಾಲ್ಕು ದಿನ ಕಳೆದರೆ ಕಿಡ್ನಿಯೂ ನಿಲ್ಲುತ್ತದೆ. ಬೇಗ ಆಂಟಿಬಯೋಟಿಕ್ ಬಿದ್ದರೆ ಎರಡೂ ಚೇತರಿಸಿಕೊಳ್ಳುತ್ತವೆ.

ಸಿರೋಸಿಸ್ ಇದ್ದವರಲ್ಲಿ ಕೆಳಗಿನ ಯಾವುದೇ ಒಂದು ಕಂಡರೂ ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ: ದಿನದ ಮೂತ್ರ ಅರ್ಧ ಲೀಟರಿಗಿಂತ ಕಡಿಮೆಯಾಗುವುದು, ಹಗಲು ನಿದ್ದೆ, ರಾತ್ರಿ ಎಚ್ಚರ, ತೊದಲು ಮಾತು, ಕಪ್ಪಗೆ ಟಾರಿನಂಥ ಮಲ ಅಥವಾ ರಕ್ತವಾಂತಿ, ಜ್ವರ ಅಥವಾ ಹೊಟ್ಟೆನೋವು, ಮೇಲಿನ ಬಿಪಿ 90ರ ಕೆಳಗೆ. ಗೌಟಿನವರು ಸೊಂಟದ ಪಕ್ಕದಿಂದ ತೊಡೆಸಂದಿಗೆ ಇಳಿಯುವ ನೋವಿನ ಜೊತೆ ಜ್ವರ ಬಂದರೆ ಹಾಗೆಯೇ ಹೊರಡಬೇಕು, ಕಲ್ಲು ಅಡ್ಡಬಿದ್ದ ಕಿಡ್ನಿಯಲ್ಲಿ ಕೀವಾದರೆ ಗಂಟೆಗಳ ಲೆಕ್ಕ. ಹೋಗುವಾಗ ವರದಿಗಳ ಫೈಲು, ತೂಕ ಬರೆದ ಪುಸ್ತಕ, ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಗಳು, ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆಯ ಖಾಲಿ ಪಟ್ಟಿಯೂ ಸೇರಿ, ಚೀಲದಲ್ಲಿರಲಿ.